ಸಾಕುನಾಯಿಯ ಅಗಲಿಕೆ

ಸಾಕುನಾಯಿಯ ಅಗಲಿಕೆ ಎಂಬುದು ಮನೆಯಲ್ಲಿ ಬೆಳೆದ ನಾಯಿ ಸತ್ತಾಗ ಅಥವಾ ಮರಳಿ ಬಾರದಂತೆ ಕಾಣೆಯಾದಾಗ ಅದನ್ನು ಸಾಕಿದವರಿಗೆ ಉಂಟಾಗುವ ಶೋಕ. ಆ ಶೋಕದ ಬಳಿಕ ಇನ್ನೊಂದು ನಾಯಿಯನ್ನು ಮನೆಗೆ ತರಬೇಕೆ, ಬೇಡವೇ ಎಂಬ ಪ್ರಶ್ನೆಯೂ ಇದರೊಂದಿಗೆ ಬೆಸೆದುಕೊಂಡಿದೆ. ನಾಯಿಯ ಆಯುಷ್ಯ ಸಾಮಾನ್ಯವಾಗಿ 10ರಿಂದ 13 ವರ್ಷ. ಆದ್ದರಿಂದ ನಾಯಿ ಸಾಕುವ ಅಭ್ಯಾಸವುಳ್ಳ ಮನೆಯವರು ಈ ಸಾವನ್ನು ಒಂದಕ್ಕಿಂತ ಹೆಚ್ಚು ಬಾರಿ ಕಾಣುತ್ತಾರೆ. ಕನ್ನಡ ನಾಡಿನಲ್ಲಿ ಈ ಅಗಲಿಕೆಯ ಪ್ರಸಿದ್ಧ ದಾಖಲೆಯೆಂದರೆ ಕ್ರಿ.ಶ. 949-50ರ ಆತಕೂರು ಶಾಸನ. ಕಾಡುಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ಬೇಟೆನಾಯಿಗಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಯ ಏರ್ಪಾಟು ಮಾಡಿದ ವಿವರ ಅದರಲ್ಲಿದೆ.

ಶೋಕದ ಸ್ವರೂಪ

ನಾಯಿಯೊಂದಿಗಿನ ಸಂಬಂಧ ಬಹುಮಟ್ಟಿಗೆ ದಿನಚರಿಯಲ್ಲಿ ನೆಲೆಸಿರುತ್ತದೆ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತು, ಅನ್ನ ಹಾಕುವ ಹೊತ್ತು, ರಾತ್ರಿ ಸರಪಳಿ ಬಿಚ್ಚುವ ಹೊತ್ತು ಇವೆಲ್ಲ ನಾಯಿ ಸತ್ತ ಮೇಲೂ ಪ್ರತಿದಿನ ಬರುತ್ತವೆ. ತಟ್ಟೆಯಲ್ಲಿ ಉಳಿದ ತುತ್ತನ್ನು ಅಭ್ಯಾಸಬಲದಿಂದ ಎತ್ತಿಟ್ಟು, ಆಮೇಲೆ ನೆನಪಾಗಿ ನಿಲ್ಲುವುದು ನಾಯಿ ಸಾಕಿದವರೆಲ್ಲರಿಗೂ ಪರಿಚಿತ. ನಾಯಿ ಮತ್ತು ಅದರ ಒಡೆಯರು ಪರಸ್ಪರ ಕಣ್ಣಲ್ಲಿ ಕಣ್ಣಿಟ್ಟು ನೋಡುವಾಗ ಇಬ್ಬರ ದೇಹದಲ್ಲೂ ಆಕ್ಸಿಟೋಸಿನ್ ಎಂಬ ಹಾರ್ಮೋನಿನ ಪ್ರಮಾಣ ಏರುತ್ತದೆ ಎಂದು ಜಪಾನಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದರು. ತಾಯಿ ಮತ್ತು ಹಸುಗೂಸಿನ ನಡುವಿನ ಬಾಂಧವ್ಯದಲ್ಲಿ ಪಾತ್ರ ವಹಿಸುವ ಹಾರ್ಮೋನು ಇದೇ.

ಮನುಷ್ಯನು ನಾಯಿಯನ್ನು ಗೌರವದಿಂದ ಹೂಳುವುದು ಬಹಳ ಹಳೆಯ ರೂಢಿ. ಜರ್ಮನಿಯ ಬಾನ್ ನಗರದ ಬಳಿಯ ಓಬರ್‌ಕಾಸೆಲ್ ಎಂಬಲ್ಲಿ 1914ರಲ್ಲಿ ಪತ್ತೆಯಾದ, ಸುಮಾರು 14,000 ವರ್ಷ ಹಳೆಯದಾದ ಸಮಾಧಿಯಲ್ಲಿ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸಿನ ಜೊತೆ ಎಳೆಯ ನಾಯಿಯೊಂದರ ಎಲುಬುಗಳಿದ್ದವು. ಅದರ ಹಲ್ಲುಗಳನ್ನು ಪರೀಕ್ಷಿಸಿದ ತಜ್ಞರು, ಅದು ಮರಿಯಾಗಿದ್ದಾಗ ಡಿಸ್ಟೆಂಪರ್ ರೋಗಕ್ಕೆ ತುತ್ತಾಗಿತ್ತು, ಮನುಷ್ಯರ ಆರೈಕೆಯಿಲ್ಲದೆ ಅಷ್ಟು ದಿನ ಬದುಕುತ್ತಿರಲಿಲ್ಲ ಎಂದು 2018ರಲ್ಲಿ ಅಭಿಪ್ರಾಯಪಟ್ಟರು. ಬೇಟೆಗೂ ಕಾವಲಿಗೂ ಒದಗದ ಕಾಯಿಲೆಯ ಮರಿಯನ್ನು ಯಾರೋ ವಾರಗಟ್ಟಲೆ ನೋಡಿಕೊಂಡಿದ್ದರು ಎಂಬುದು ಇದರ ತಾತ್ಪರ್ಯ.

ಈ ದುಃಖದ ವಿಶೇಷ ಕಷ್ಟವೆಂದರೆ ಅದಕ್ಕೆ ಸಮಾಜದಲ್ಲಿ ಗೊತ್ತಾದ ರೂಪವಿಲ್ಲದಿರುವುದು. ಮನುಷ್ಯರು ತೀರಿಕೊಂಡರೆ ಸೂತಕವಿದೆ, ಉತ್ತರಕ್ರಿಯೆಯಿದೆ, ಬಂದುಹೋಗುವ ನೆಂಟರಿದ್ದಾರೆ, ಕಚೇರಿಗೆ ರಜೆಯಿದೆ. ನಾಯಿ ಸತ್ತವರಿಗೆ ಇವು ಯಾವುವೂ ಇಲ್ಲ. ನಾಯಿ ತಾನೇ, ಇನ್ನೊಂದು ತಂದರಾಯಿತು ಎಂಬ ಮಾತನ್ನು ಸಾಂತ್ವನವೆಂದೇ ಭಾವಿಸಿ ಹೇಳುವವರು ಇದ್ದಾರೆ. ಅದು ಕೇಳುವವರಿಗೆ ಸಾಂತ್ವನವಾಗುವುದು ಅಪರೂಪ. ಸಮಾಜವು ಒಪ್ಪದ, ಬಹಿರಂಗವಾಗಿ ಆಚರಿಸಲು ಅವಕಾಶವಿಲ್ಲದ ಇಂಥ ಶೋಕವನ್ನು ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರಲ್ಲಿ ಒಂದು ಪ್ರತ್ಯೇಕ ವರ್ಗವಾಗಿ ಗುರುತಿಸಿದರು. ಮಾನ್ಯತೆ ಸಿಗದ ಶೋಕ ಎಂದು ಅದನ್ನು ಕನ್ನಡದಲ್ಲಿ ಕರೆಯಬಹುದು.

ಗುಣವಾಗದ ಕಾಯಿಲೆಯ ನಾಯಿಗೆ ಪಶುವೈದ್ಯರ ಮೂಲಕ ದಯಾಮರಣ ಕೊಡಿಸಿದ ಮನೆಗಳಲ್ಲಿ ದುಃಖದೊಂದಿಗೆ ಅಪರಾಧಪ್ರಜ್ಞೆಯೂ ಸೇರಿಕೊಳ್ಳುತ್ತದೆ. ಇನ್ನೊಂದು ವಾರ ಕಾಯಬಹುದಿತ್ತು ಎಂದು ಕೆಲವರಿಗೆ, ಒಂದು ವಾರ ಮೊದಲೇ ಮಾಡಿದ್ದರೆ ಅಷ್ಟು ನೋವು ತಪ್ಪುತ್ತಿತ್ತು ಎಂದು ಮತ್ತೆ ಕೆಲವರಿಗೆ ಅನಿಸುತ್ತದೆ. ಒಂದೇ ಮನೆಯಲ್ಲಿ ಈ ಎರಡೂ ಅಭಿಪ್ರಾಯಗಳಿರುವುದುಂಟು.

ಆತಕೂರಿನ ಕಾಳಿ

ಆತಕೂರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಒಂದು ಗ್ರಾಮ. ಇಲ್ಲಿ ದೊರೆತ ಶಿಲಾಶಾಸನದ ಕಾಲ ಶಕವರ್ಷ 872, ಸೌಮ್ಯ ಸಂವತ್ಸರ. ಇತಿಹಾಸಕಾರರಿಗೆ ಈ ಶಾಸನ ಮುಖ್ಯವಾಗುವುದು ತಕ್ಕೋಲದ ಯುದ್ಧದ ಕಾರಣದಿಂದ. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಕುಮಾರ ರಾಜಾದಿತ್ಯನಿಗೂ ನಡೆದ ಆ ಯುದ್ಧದಲ್ಲಿ ರಾಜಾದಿತ್ಯನು ಹತನಾದನು. ಕೃಷ್ಣನ ಪಕ್ಷದಲ್ಲಿ ಹೋರಾಡಿದ ಗಂಗರ ಅರಸು ಇಮ್ಮಡಿ ಬೂತುಗನಿಗೆ ಬನವಾಸಿ, ಬೆಳ್ವೊಲ, ಪುರಿಗೆರೆ, ಕಿಸುಕಾಡು, ಬಾಗೆನಾಡು ಪ್ರದೇಶಗಳು ಬಹುಮಾನವಾಗಿ ದೊರೆತವು. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಆದರೆ ಕಲ್ಲನ್ನು ನಿಲ್ಲಿಸಿದ್ದು ಯುದ್ಧಕ್ಕಾಗಿ ಅಲ್ಲ, ನಾಯಿಗಾಗಿ.

ಬೂತುಗನ ಕೈಕೆಳಗೆ ಹೋರಾಡಿದ ವೀರರಲ್ಲಿ ಸಗರ ವಂಶದ ಮಣಲೇರನೂ ಒಬ್ಬ. ಅವನ ಪರಾಕ್ರಮವನ್ನು ಮೆಚ್ಚಿದ ಬೂತುಗನು ಬೇಕಾದುದನ್ನು ಕೇಳೆಂದಾಗ ಮಣಲೇರನು ಅರಸನ ಬಳಿಯಿದ್ದ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನು. ನಾಡನ್ನೋ ಹೊನ್ನನ್ನೋ ಕೇಳಬಹುದಾದ ಗಳಿಗೆಯಲ್ಲಿ ನಾಯಿಯನ್ನು ಕೇಳಿದ ಎಂಬುದೇ ಅವನಿಗೆ ಅದರ ಮೇಲಿದ್ದ ಮೋಹಕ್ಕೆ ಸಾಕ್ಷಿ. ಕಾಳಿಯ ಪಾಲಿಗೆ ಮಣಲೇರನು ಎರಡನೆಯ ಒಡೆಯ ಎಂಬುದನ್ನೂ ಇಲ್ಲಿ ಗಮನಿಸಬಹುದು. ಒಂದು ಮನೆಗೆ ಒಗ್ಗಿದ ನಾಯಿ ಇನ್ನೊಂದು ಮನೆಗೆ ಬಂದು ಅಲ್ಲಿಯೂ ಪ್ರಾಣ ಕೊಡುವಷ್ಟು ಹೊಂದಿಕೊಂಡಿತು.

ಮುಂದೆ ಕೆಳಲೆನಾಡಿನ ಬೆಳತೂರಿನ ಪಡುವಣ ದಿಣ್ಣೆಯಲ್ಲಿ ಕಾಳಿಯನ್ನು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಂದನ್ನೊಂದು ಕೊಂದವು. ಇದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಡಲಾಯಿತು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು, ಅಂದರೆ ಶೈವ ಪೂಜಾರಿಯು, ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣಬಾರದು, ಉಂಡರೆ ನಾಯಿಯ ಪಾಪ ಅವನಿಗೆ ತಗಲುತ್ತದೆ ಎಂದು ಶಾಸನ ಕಟ್ಟು ಹಾಕುತ್ತದೆ. ಭೂಮಿಯನ್ನು ಅಳಿಸಿದವರಿಗೂ ಅದೇ ಶಾಪ. ದಾನಶಾಸನಗಳ ಶಾಪವಾಕ್ಯಗಳಲ್ಲಿ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ಬರುವುದೇ ರೂಢಿ. ಆ ಗೋವಿನ ಸ್ಥಾನದಲ್ಲಿ ಇಲ್ಲಿ ನಾಯಿ ಬಂದು ನಿಂತಿದೆ.

ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಸೆಣಸುವ ಚಿತ್ರವನ್ನು ಕೆತ್ತಲಾಗಿದೆ. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಮಣಲೇರನು ಅತ್ತನೆಂದಾಗಲಿ, ಊಟ ಬಿಟ್ಟನೆಂದಾಗಲಿ ಶಾಸನ ಹೇಳುವುದಿಲ್ಲ. ದುಃಖವನ್ನು ವರ್ಣಿಸುವ ಬದಲು ಅದು ದುಃಖಕ್ಕೆ ಒಂದು ಸ್ಥಳ, ಒಂದು ಹೊತ್ತು ಮತ್ತು ಒಬ್ಬ ಹೊಣೆಗಾರನನ್ನು ಗೊತ್ತುಪಡಿಸುತ್ತದೆ. ಊರ ದೇವಾಲಯದ ಎದುರು, ದಿನದ ಊಟಕ್ಕೆ ಮೊದಲು, ಗೊರವನ ಕೈಯಿಂದ ಅದು ನಡೆಯಬೇಕು. ಡೋಕಾ ಅವರು ಇಲ್ಲವೆಂದು ಗುರುತಿಸಿದ ಬಹಿರಂಗ ಮಾನ್ಯತೆ ಹತ್ತನೆಯ ಶತಮಾನದ ಈ ನಾಯಿಗೆ ಪೂರ್ಣವಾಗಿ ದೊರೆತಿತ್ತು. ನಾಯಿಗೆ ನಿಲ್ಲಿಸಿದ ಸ್ಮಾರಕಶಿಲೆ ಇದೊಂದೇ ಅಲ್ಲ. ವೀರಗಲ್ಲುಗಳ ಅಧ್ಯಯನದಲ್ಲಿ ಬೇಟೆನಾಯಿಗಳ ಕಲ್ಲುಗಳದು ಸಣ್ಣದಾದರೂ ಸ್ವತಂತ್ರವಾದ ಒಂದು ಗುಂಪು.

ಇತ್ತೀಚಿನ ಉದಾಹರಣೆ ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿದೆ. ಇಲ್ಲಿ 2010ರಲ್ಲಿ ಕಟ್ಟಿದ ಗುಡಿಯಲ್ಲಿ ಎರಡು ನಾಯಿಗಳ ವಿಗ್ರಹಗಳಿಗೆ ಪೂಜೆ ನಡೆಯುತ್ತದೆ. ಗ್ರಾಮದೇವತೆ ಕೆಂಪಮ್ಮನ ಗುಡಿ ಕಟ್ಟುವಾಗ ಅಲ್ಲಿಯೇ ಇದ್ದ ಎರಡು ನಾಯಿಗಳು ಕಾಣೆಯಾದವು, ಅವುಗಳಿಗೂ ಗುಡಿಯಾಗಬೇಕೆಂದು ದೇವಿಯ ಅಪ್ಪಣೆಯಾಯಿತು ಎಂಬುದು ಊರವರ ನಂಬಿಕೆ. ಕಾಸರಗೋಡು ಮತ್ತು ಕಣ್ಣೂರು ಸೀಮೆಯ ಮುತ್ತಪ್ಪನ ಸನ್ನಿಧಿಗಳಲ್ಲಿ ನಾಯಿ ದೈವದ ಸಂಗಾತಿ. ಪರಶ್ಶಿನಿಕಡವಿನಲ್ಲಿ ನಾಯಿಗಳು ನಿರ್ಭಯವಾಗಿ ಗುಡಿಯೊಳಗೆ ಓಡಾಡುತ್ತವೆ.

ತೋಟದ ಮನೆಗಳಲ್ಲಿ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳಲ್ಲಿ ಮನೆಗಳು ಬಯಲುಸೀಮೆಯ ಊರುಗಳಂತೆ ಒತ್ತಾಗಿಲ್ಲ. ಅಡಿಕೆ, ತೆಂಗಿನ ತೋಟದ ನಡುವೆ ಒಂದೊಂದಾಗಿ ಹರಡಿಕೊಂಡಿವೆ. ಪಕ್ಕದ ಮನೆ ಕೂಗಳತೆಯಲ್ಲಿದ್ದರೂ ಕಣ್ಣಳತೆಯಲ್ಲಿರುವುದಿಲ್ಲ. ಇಂಥ ಮನೆಯಲ್ಲಿ ನಾಯಿ ಅಲಂಕಾರಕ್ಕಿರುವ ಪ್ರಾಣಿಯಲ್ಲ. ಅಂಗಳಕ್ಕೆ ಕಾಲಿಟ್ಟವರು ಪರಿಚಿತರೋ ಅಪರಿಚಿತರೋ ಎಂಬುದು ಬೊಗಳುವ ಧಾಟಿಯಿಂದಲೇ ಒಳಗಿದ್ದವರಿಗೆ ತಿಳಿಯುತ್ತದೆ. ಹಂದಿ, ಮಂಗಗಳ ಕಾಟದಿಂದ ತೋಟವನ್ನು ಕಾಯುವುದರಲ್ಲೂ ಅದಕ್ಕೆ ಪಾಲಿದೆ. ಮಕ್ಕಳು ಹೊರ ಊರುಗಳಲ್ಲಿದ್ದು, ವಯಸ್ಸಾದ ಇಬ್ಬರೇ ಉಳಿದಿರುವ ತೋಟದ ಮನೆಗಳಲ್ಲಿ ದಿನವಿಡೀ ಮಾತನಾಡಿಸಲು ಸಿಗುವ ಮೂರನೆಯ ಜೀವವೂ ಅದೇ. ನಾಯಿ ಸತ್ತ ಮನೆಗೆ ಬಂದವರು ಜಗಲಿ ಹತ್ತುವವರೆಗೂ ಒಳಗೆ ಗೊತ್ತಾಗುವುದಿಲ್ಲ. ಆ ಮೌನವೇ ಬಹಳ ದಿನ ಕಾಡುತ್ತದೆ.

ಈ ಭಾಗದಲ್ಲಿ ನಾಯಿಯ ಸಾವಿನ ಕಾರಣಗಳೂ ಸ್ಥಳೀಯವೇ. ಮಂಗಳೂರು–ಬೆಂಗಳೂರು ಹೆದ್ದಾರಿಯಿಂದ ಪುತ್ತೂರು, ಮಡಿಕೇರಿಯ ಮೂಲಕ ಮೈಸೂರಿಗೆ ಹೋಗುವ ಹೆದ್ದಾರಿ ಕವಲೊಡೆಯುವುದು ಮಾಣಿಯಲ್ಲಿ. ರಸ್ತೆ ಅಗಲವಾಗಿ ವಾಹನಗಳ ವೇಗ ಹೆಚ್ಚಿದಂತೆ, ಹಗಲು ಕಟ್ಟಿ ರಾತ್ರಿ ಬಿಡುವ ಹಳೆಯ ಕ್ರಮ ರಸ್ತೆಬದಿಯ ಮನೆಗಳ ನಾಯಿಗಳಿಗೆ ಅಪಾಯಕಾರಿಯಾಗಿದೆ. ಮಳೆಗಾಲದಲ್ಲಿ ವಿಷದ ಹಾವಿನ ಕಡಿತ, ವರ್ಷವಿಡೀ ಉಣ್ಣಿಯಿಂದ ಹರಡುವ ಜ್ವರಗಳು ಸಾಮಾನ್ಯ. ಪಶ್ಚಿಮ ಘಟ್ಟದ ಅಂಚಿನ ಬೆಳ್ತಂಗಡಿಯ ಕಡೆ ಚಿರತೆಯ ಭಯವೂ ಇದೆ. ಅಂಗಳದಲ್ಲಿ ಮಲಗಿದ್ದ ನಾಯಿಯನ್ನು ಚಿರತೆ ಹೊತ್ತೊಯ್ದರೆ ಹೂಳಲು ಶರೀರವೂ ಸಿಗುವುದಿಲ್ಲ, ಹರಿದ ಸರಪಳಿಯಷ್ಟೇ ಉಳಿಯುತ್ತದೆ. ಹೀಗೆ ಸಾವು ಖಚಿತವಾಗದೆ ಉಳಿಯುವ ನಷ್ಟವನ್ನು ಅಮೆರಿಕದ ಪೌಲಿನ್ ಬಾಸ್ ಅಸ್ಪಷ್ಟ ನಷ್ಟ ಎಂಬ ಅರ್ಥದ ಹೆಸರಿನಿಂದ ವಿವರಿಸಿದ್ದಾರೆ. ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು ಕುರಿತು ಅವರು ಹೇಳಿದ ಮಾತು ಇಲ್ಲಿಗೂ ಹೊಂದುತ್ತದೆ. ಮನೆಯವರು ವಾರಗಟ್ಟಲೆ ರಾತ್ರಿಯ ಸಪ್ಪಳಕ್ಕೆಲ್ಲ ಎದ್ದು ದೀಪ ಹಾಕುತ್ತಾರೆ.

ತುಳುನಾಡಿನಲ್ಲಿ ತೀರಿಕೊಂಡ ಹಿರಿಯರಿಗೆ ಬೊಜ್ಜದ ಕ್ರಿಯೆಯೂ, ವರ್ಷಕ್ಕೊಮ್ಮೆ ಬಡಿಸುವ ಕ್ರಮವೂ ಇವೆ. ನಾಯಿಗೆ ಅಂಥ ವಿಧಿಯಿಲ್ಲ. ಆದರೂ ತೋಟದ ಮೂಲೆಯಲ್ಲಿ, ಬಹುಮಟ್ಟಿಗೆ ತೆಂಗಿನ ಬುಡದಲ್ಲಿ ಹೂಳುವುದು, ಮೇಲೊಂದು ಕಲ್ಲಿಡುವುದು, ಗಿಡ ನೆಡುವುದು ರೂಢಿಯಲ್ಲಿದೆ. ಹೂಳುವ ಜಾಗ ಬಾವಿ, ಕೆರೆ ಮತ್ತು ತೋಡಿನಿಂದ ದೂರವಿರಬೇಕು. ಮಳೆಗೆ ಮಣ್ಣು ಕೊಚ್ಚಿಹೋಗದಂತೆ, ನರಿ ನಾಯಿಗಳು ಕೆದರದಂತೆ ಗುಂಡಿ ಮೂರು ಅಡಿಗಿಂತ ಆಳವಿರಬೇಕು. ದಯಾಮರಣಕ್ಕೆ ಬಳಸುವ ಬಾರ್ಬಿಟ್ಯುರೇಟ್ ವರ್ಗದ ಔಷಧ ಶರೀರದಲ್ಲಿ ಉಳಿಯುತ್ತದೆಯಾದ್ದರಿಂದ, ಆ ಶರೀರವನ್ನು ತಿಂದ ಪ್ರಾಣಿಪಕ್ಷಿಗಳೂ ಸಾಯಬಹುದು. ರೇಬೀಸ್ ಸಂಶಯವಿದ್ದಲ್ಲಿ ಶರೀರವನ್ನು ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯರಿಗೆ ತಿಳಿಸಬೇಕು. ನಾಯಿ ಕಚ್ಚಿದ ಅಥವಾ ಅದರ ಜೊಲ್ಲು ಗಾಯಕ್ಕೆ ತಗಲಿದ ಮನೆಯವರು ತಡಮಾಡದೆ ಗಾಯವನ್ನು ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು ಲಸಿಕೆ ಪಡೆಯಬೇಕು. ದುಃಖದ ಗಡಿಬಿಡಿಯಲ್ಲಿ ಇದು ಮರೆತುಹೋಗಬಾರದ ಸಂಗತಿ. ಸ್ವಂತ ಮಣ್ಣಿಲ್ಲದ ನಗರವಾಸಿಗಳಿಗೆ ಹೂಳುವ ಸೌಲಭ್ಯವೂ ಕಷ್ಟ. ಬೆಂಗಳೂರಿನ ಸುಮನಹಳ್ಳಿಯಲ್ಲಿ ಪ್ರಾಣಿಗಳ ಚಿತಾಗಾರವಿದೆ.

ಸಾಹಿತ್ಯ ಮತ್ತು ಚಲನಚಿತ್ರದಲ್ಲಿ

ಕುವೆಂಪು ಅವರ ಮಲೆಗಳಲ್ಲಿ ಮದುಮಗಳು (1967) ಕಾದಂಬರಿಯ ಗುತ್ತಿ ತನ್ನ ನಾಯಿ ಹುಲಿಯನನ್ನು ಬಿಟ್ಟಿರದವನು. ಆ ಕಾರಣಕ್ಕೆ ಅವನಿಗೆ ನಾಯಿಗುತ್ತಿ ಎಂದೇ ಹೆಸರು. ಕಾದಂಬರಿಯ ಕೊನೆಯಲ್ಲಿ ಹುಲಿಯ ತುಂಗೆಯ ಪ್ರವಾಹಕ್ಕೆ ಸಿಕ್ಕಿ ಇಲ್ಲವಾಗುತ್ತದೆ. ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿ ಧರ್ಮರಾಯನು ಜೊತೆಗೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥವೇರಲು ಒಪ್ಪದ ಪ್ರಸಂಗ ಎಲ್ಲರಿಗೂ ತಿಳಿದದ್ದು.

ಕಾಸರಗೋಡಿನವರಾದ ಕಿರಣ್‌ರಾಜ್ ಕೆ. ನಿರ್ದೇಶಿಸಿ, ರಕ್ಷಿತ್ ಶೆಟ್ಟಿ ನಟಿಸಿದ 777 ಚಾರ್ಲಿ 2022ರ ಜೂನ್ 10ರಂದು ತೆರೆಕಂಡಿತು. ಒಂಟಿಯಾಗಿ ಬದುಕುವ ನಾಯಕನ ಹೆಸರು ಧರ್ಮ. ಅವನ ಮನೆಗೆ ತಾನಾಗಿ ಬಂದು ಸೇರುವ ಲ್ಯಾಬ್ರಡಾರ್ ನಾಯಿ ಚಾರ್ಲಿಗೆ ವಾಸಿಯಾಗದ ಕ್ಯಾನ್ಸರ್ ಇರುವುದು ಗೊತ್ತಾದಾಗ, ಅದಕ್ಕೆ ಹಿಮ ತೋರಿಸಲು ಅವನು ಹಿಮಾಲಯದತ್ತ ಹೊರಡುತ್ತಾನೆ. ಚಾರ್ಲಿ ಅಲ್ಲಿ ಸಾಯುತ್ತದೆ, ಅದರ ಮರಿಯೊಂದು ಅವನಿಗೆ ಉಳಿಯುತ್ತದೆ. ಚಿತ್ರಕ್ಕೆ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರೀಯ ಪ್ರಶಸ್ತಿ ದೊರೆಯಿತು. ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಅವರು ಚಿತ್ರ ನೋಡಿ, ಹಿಂದಿನ ವರ್ಷ ತೀರಿಕೊಂಡಿದ್ದ ತಮ್ಮ ಮನೆಯ ನಾಯಿ ಸನ್ನಿಯನ್ನು ನೆನೆದು ಎಲ್ಲರೆದುರು ಕಣ್ಣೀರಿಟ್ಟರು. ಆ ದೃಶ್ಯ ಟಿ.ವಿ.ಯಲ್ಲೂ ಪತ್ರಿಕೆಗಳಲ್ಲೂ ಬಂತು. ನಾಯಿಗಾಗಿ ಅಳುವುದು ಮುಚ್ಚಿಡಬೇಕಾದ ಸಂಗತಿಯಲ್ಲ ಎಂಬುದಕ್ಕೆ ಕನ್ನಡದ ಮನೆಗಳಿಗೆ ಅಂದು ದೊರೆತಷ್ಟು ದೊಡ್ಡ ಸಾರ್ವಜನಿಕ ಒಪ್ಪಿಗೆ ಈಚೆಗೆ ಬೇರೆ ದೊರೆತಂತಿಲ್ಲ.

ಇನ್ನೊಂದು ನಾಯಿ

ಸತ್ತವರ ಮೇಲಿನ ಮಮತೆಯನ್ನು ಸ್ವಲ್ಪಸ್ವಲ್ಪವಾಗಿ ಹಿಂತೆಗೆದು, ಅದನ್ನು ಹೊಸ ಸಂಬಂಧಕ್ಕೆ ತಿರುಗಿಸುವುದೇ ಶೋಕದ ಕೆಲಸ ಎಂಬ ವಿಚಾರ ಸಿಗ್ಮಂಡ್ ಫ್ರಾಯ್ಡ್ ಅವರ 1917ರ ಪ್ರಬಂಧದಿಂದ ಬಂದದ್ದು. ಸ್ವತಃ ಫ್ರಾಯ್ಡ್ ಇಳಿವಯಸ್ಸಿನಲ್ಲಿ ಚೌ ತಳಿಯ ನಾಯಿಗಳನ್ನು ಸಾಕಿದರು. ಮೊದಲನೆಯದಾದ ಲ್ಯೂನ್ 1929ರಲ್ಲಿ ರೈಲಿಗೆ ಸಿಕ್ಕಿ ಸತ್ತಿತು. ಕೆಲವು ತಿಂಗಳು ಮನೆಯಲ್ಲಿ ನಾಯಿ ಇರಲಿಲ್ಲ. ಅನಂತರ ಬಂದ ಯೋಫಿ ಏಳು ವರ್ಷ ಅವರ ಜೊತೆಗಿದ್ದು, ರೋಗಿಗಳನ್ನು ನೋಡುವಾಗಲೂ ಕೋಣೆಯಲ್ಲೇ ಮಲಗಿರುತ್ತಿತ್ತು. 1937ರ ಜನವರಿಯಲ್ಲಿ ಅದೂ ಸತ್ತಾಗ, ಸ್ನೇಹಿತೆಯ ಮನೆಗೆ ಕೊಟ್ಟಿದ್ದ ಇನ್ನೊಂದು ಚೌ ನಾಯಿಯನ್ನು ಅವರು ಕೂಡಲೇ ಕರೆಸಿಕೊಂಡರು. ಅದರ ಹೆಸರೂ ಲ್ಯೂನ್. ಒಬ್ಬರೇ ಮನುಷ್ಯ ಒಂದು ಸಲ ತಿಂಗಳುಗಟ್ಟಲೆ ಕಾದರು, ಮತ್ತೊಂದು ಸಲ ಕಾಯಲೇ ಇಲ್ಲ. ಎಷ್ಟು ದಿನ ಕಾಯಬೇಕೆಂಬ ಪ್ರಶ್ನೆಗೆ ಲೆಕ್ಕದ ಉತ್ತರವಿಲ್ಲ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಸಿಗಲಾರದು.

ಮುಂದಿನ ವಿದ್ವಾಂಸರು ಫ್ರಾಯ್ಡ್ ಅವರ ವಿಚಾರವನ್ನು ತಿದ್ದಿದರು. ಡೆನಿಸ್ ಕ್ಲಾಸ್ ಮತ್ತು ಸಂಗಡಿಗರು 1996ರಲ್ಲಿ ಮಂಡಿಸಿದ ವಾದದಂತೆ, ಸತ್ತವರೊಂದಿಗಿನ ಬಾಂಧವ್ಯ ಕಡಿದುಹೋಗಬೇಕಿಲ್ಲ. ಅದು ರೂಪ ಬದಲಿಸಿ ಉಳಿಯುತ್ತದೆ, ಹೊಸ ಬಾಂಧವ್ಯಕ್ಕೆ ಅಡ್ಡಿಯೂ ಆಗುವುದಿಲ್ಲ. ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ, ದುಃಖಿತರ ಮನಸ್ಸು ನಷ್ಟದ ಕಡೆಗೂ ಬದುಕಿನ ಕಡೆಗೂ ಸರದಿಯಂತೆ ತೂಗಾಡುತ್ತಿರುತ್ತದೆ, ಈ ತೂಗಾಟವೇ ಆರೋಗ್ಯದ ಲಕ್ಷಣ ಎಂದರು. ಹೊಸ ಮರಿಯೊಂದಿಗೆ ಬೆಳಗ್ಗೆ ನಕ್ಕವರು ಸಂಜೆ ಹಳೆಯ ನಾಯಿಗಾಗಿ ಅತ್ತರೆ ಯಾವುದಕ್ಕೂ ದ್ರೋಹವಾಗುವುದಿಲ್ಲ.

ತೊಡಕು ಬರುವುದು ಹೊಸ ನಾಯಿಯನ್ನು ಹಳೆಯದರ ಜಾಗಕ್ಕೆ ತಂದಾಗ. ಅದೇ ತಳಿ, ಅದೇ ಬಣ್ಣ ಹುಡುಕಿ, ಅದೇ ಹೆಸರಿಟ್ಟು ತಂದ ಮರಿ ಚಪ್ಪಲಿ ಕಚ್ಚಿದಾಗಲೆಲ್ಲ, ಹತ್ತು ವರ್ಷ ಪಳಗಿ ಶಾಂತವಾಗಿದ್ದ ಮುದಿನಾಯಿಯೊಂದಿಗೆ ಅದನ್ನು ಹೋಲಿಸುವುದು ನಡೆಯುತ್ತದೆ. ಹೋಲಿಕೆಯಲ್ಲಿ ಮರಿ ಸೋಲದೆ ಇರುವುದಿಲ್ಲ. ಹಳೆಯದು ಮರಿಯಾಗಿದ್ದಾಗ ಮಾಡಿದ ಹಾವಳಿ ಅಷ್ಟರಲ್ಲಿ ಮರೆತುಹೋಗಿರುತ್ತದೆ. ಸತ್ತ ನಾಯಿಗೆ ತನ್ನದೇ ಆದ ಒಂದು ಜಾಗ, ತೆಂಗಿನ ಬುಡದ ಕಲ್ಲೋ ಗೋಡೆಯ ಮೇಲಿನ ಫೋಟೋವೋ, ಗೊತ್ತಾಗಿದ್ದರೆ ಹೊಸದಕ್ಕೆ ಅದರ ಜಾಗ ತುಂಬುವ ಹೊರೆ ಬೀಳುವುದಿಲ್ಲ. ಹೆಸರು, ಊಟದ ಬಟ್ಟಲು, ಮಲಗುವ ಮೂಲೆ ಬೇರೆಯಾಗಿರುವುದೂ ಸಹಕಾರಿ.

ಮನೆಯ ಎಲ್ಲರ ಶೋಕವೂ ಒಂದೇ ವೇಗದಲ್ಲಿ ಸಾಗುವುದಿಲ್ಲ. ಮಕ್ಕಳಿಗೆ ನಾಯಿಯ ಸಾವು ಹಲವು ಬಾರಿ ಮೊದಲ ಸಾವಿನ ಪರಿಚಯ. ನಾಯಿ ಎಲ್ಲಿಗೋ ಹೋಗಿದೆ, ಮಲಗಿದೆ ಎಂದು ಹೇಳಿದರೆ ಅವು ಕಾಯುತ್ತ ಕೂರುತ್ತವೆ, ಮಲಗುವುದಕ್ಕೇ ಹೆದರುವುದೂ ಉಂಟು. ಸತ್ತಿದೆ ಎಂದು ಸರಳವಾಗಿ ಹೇಳಿ, ಹೂಳುವಾಗ ಬೇಕೆಂದರೆ ಜೊತೆಗಿರಿಸಿಕೊಳ್ಳುವುದು ಮೇಲು. ಅಳುವ ಮಗುವನ್ನು ಸುಮ್ಮನಾಗಿಸಲು ಮರುದಿನವೇ ಮರಿ ತಂದರೆ, ಪ್ರೀತಿಸಿದ ಜೀವವನ್ನು ಬದಲಿಸಬಹುದು ಎಂಬ ಪಾಠ ಅದಕ್ಕೆ ಸಿಗುತ್ತದೆ. ವಯಸ್ಸಾದವರು, ತಾವು ಸತ್ತರೆ ಇದನ್ನು ನೋಡುವವರಾರು ಎಂಬ ಚಿಂತೆಯಿಂದ ಇನ್ನೊಂದು ನಾಯಿ ಬೇಡವೆನ್ನುತ್ತಾರೆ. ಇದು ದುಃಖವಲ್ಲ, ವಿವೇಕ, ಒತ್ತಾಯಿಸಬಾರದು. ಅಂಥವರಿಗೆ ಹತ್ತಾರು ವರ್ಷ ಬಾಳುವ ಮರಿಗಿಂತ, ಒಡೆಯರನ್ನು ಕಳೆದುಕೊಂಡ ನಡುವಯಸ್ಸಿನ ನಾಯಿ ಹೊಂದಬಹುದು. ಮಣಲೇರನ ಕಾಳಿಯಂತೆ ಬೆಳೆದ ನಾಯಿಯೂ ಹೊಸ ಮನೆಗೆ ಒಗ್ಗುತ್ತದೆ.

ಮನೆಯಲ್ಲಿ ಎರಡು ನಾಯಿಗಳಿದ್ದು ಒಂದು ಸತ್ತರೆ ಉಳಿದುದರ ಮೇಲೂ ಪರಿಣಾಮವಾಗುತ್ತದೆ. ಇಟಲಿಯಲ್ಲಿ 426 ಮಂದಿ ಸಾಕುವವರನ್ನು ವಿಚಾರಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 86 ಮಂದಿ ಉಳಿದ ನಾಯಿಯ ನಡವಳಿಕೆಯಲ್ಲಿ ಬದಲಾವಣೆ ಕಂಡಿದ್ದರು. ಊಟ ಮತ್ತು ಆಟ ಕಡಿಮೆಯಾಗುವುದು, ನಿದ್ದೆ ಹೆಚ್ಚುವುದು, ಮನುಷ್ಯರ ಹಿಂದೆಯೇ ಸುತ್ತುವುದು ಅವುಗಳಲ್ಲಿ ಸೇರಿವೆ. ಊಟ ಬಿಟ್ಟದ್ದು ಎರಡು ಮೂರು ದಿನಕ್ಕೂ ಮೀರಿದರೆ ಅದು ದುಃಖವೆಂದೇ ತಿಳಿಯದೆ ಪಶುವೈದ್ಯರಿಗೆ ತೋರಿಸಬೇಕು. ಮೊದಲನೆಯದನ್ನು ಕೊಂದ ಸೋಂಕೇ ಎರಡನೆಯದಕ್ಕೂ ತಗಲಿರಬಹುದು.

ಮನಸ್ಸು ಸಿದ್ಧವಾಗಿದ್ದರೂ ಅಂಗಳ ಸಿದ್ಧವಾಗಿರದ ಸಂದರ್ಭವೂ ಇದೆ. ನಾಯಿ ಪಾರ್ವೊ ರೋಗದಿಂದ ಸತ್ತಿದ್ದರೆ ಅದರ ವೈರಾಣು ಮಣ್ಣಿನಲ್ಲಿ, ಗೂಡಿನ ಸಂದಿಗಳಲ್ಲಿ ತಿಂಗಳುಗಟ್ಟಲೆ, ನೆರಳು ತೇವಗಳಿರುವಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಫಿನಾಯಿಲನ್ನು ಇದಕ್ಕೆ ನೆಚ್ಚಿಕೊಳ್ಳುವಂತಿಲ್ಲ. ನೀರಿನಲ್ಲಿ ಬೆರೆಸಿದ ಬ್ಲೀಚಿಂಗ್ ದ್ರಾವಣದಿಂದ ಸಿಮೆಂಟಿನ ನೆಲ, ಬಟ್ಟಲು, ಸರಪಳಿಗಳನ್ನು ತೊಳೆಯಬಹುದಾದರೂ ಮಣ್ಣಿನ ಅಂಗಳವನ್ನು ಹಾಗೆ ಶುದ್ಧಗೊಳಿಸಲಾಗದು. ಇಂಥ ಮನೆಗೆ ಲಸಿಕೆಯ ಕಂತುಗಳು ಪೂರ್ತಿಯಾದ ನಾಯಿಯನ್ನೇ ತರಬೇಕು. ಮರಿಗಳಿಗೆ ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಆರಂಭಿಸಿದ ಲಸಿಕೆ ಹದಿನಾರು ವಾರದವರೆಗೆ ಕಂತುಗಳಲ್ಲಿ ನಡೆಯುತ್ತದೆ. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬೇರ್ಪಡಿಸಿ ಮಾರುವುದನ್ನು ಭಾರತ ಸರ್ಕಾರದ 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳು ನಿಷೇಧಿಸಿವೆ.